ಲೆಕ್ಕಕ್ಕೆ ಸೇರದ ಹಲಸಿನ ಸೊಳೆ

ಪುತ್ತೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಡಯೆಟಿಷಿಯನ್ ಆಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗ, ಬೇಸಿಗೆಯ ಆರಂಭದಲ್ಲಿ ಜಾಲ್ಸೂರಿನ ಕುಸುಮಾ ನನ್ನ ಕೋಣೆಗೆ ಬಂದಳು. ನಲವತ್ತು ದಾಟಿದ ಹೆಂಗಸು, ಮನೆಯಲ್ಲೇ ಹೊಲಿಗೆ ಕೆಲಸ, ತೂಕ ತೊಂಬತ್ತೊಂದು ಕೆ.ಜಿ. ತೂಕ ಇಳಿಸಬೇಕೆನ್ನುವವರಿಗೆ ಮದುವೆಯೋ ಮೊಣಕಾಲು ನೋವೋ ಕಾರಣವಾಗಿರುತ್ತದೆ. ಇವಳ ಕಾರಣ ಬೇರೆ. ಜೀಪು ಓಡಿಸುತ್ತಿದ್ದ ತಮ್ಮ ದಿನೇಶನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆರಡು ಸಲ ನಮ್ಮಲ್ಲೇ ಅವನಿಗೆ ಡಯಾಲಿಸಿಸ್. ಅಕ್ಕನ ಕಿಡ್ನಿ ಅವನಿಗೆ ಹೊಂದುತ್ತಿತ್ತು. ಆದರೆ ಅವಳ ತೂಕ ಎಂಬತ್ತಕ್ಕೆ ಇಳಿಯದೆ ಆಪರೇಷನ್ ಇಲ್ಲ ಎಂದು ಮಂಗಳೂರಿನ ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

ಅನ್ನ ಕಡಿಮೆ ಮಾಡಿ, ತರಕಾರಿ ಜಾಸ್ತಿ ಮಾಡಿ ಎಂದು ನಾನು ಹೇಳಿದೆ. ಅವಳು ಅನ್ನವನ್ನೇ ಬಿಟ್ಟಳು. ಮೀನು ಹುರಿದದ್ದು ಬಿಟ್ಟಳು, ಚಹಾದ ಸಕ್ಕರೆ ಬಿಟ್ಟಳು. ತಿಂಗಳ ನಂತರ ತೂಕದ ಯಂತ್ರ ಹತ್ತಿಸಿದರೆ ಅರ್ಧ ಕೆ.ಜಿ. ಜಾಸ್ತಿಯೇ ಆಗಿತ್ತು.

ಜೊತೆಗೆ ದಿನೇಶನ ಹೆಂಡತಿ ಯಶೋದಾ ಬಂದಿದ್ದಳು. ಗಂಡನನ್ನು ಡಯಾಲಿಸಿಸ್‌ಗೆ ಕರೆತಂದು ಕರೆತಂದು ಸೋತುಹೋಗಿದ್ದ ಹುಡುಗಿ. ನನ್ನೆದುರೇ ಹೇಳಿಬಿಟ್ಟಳು, "ಕೊಡ್ಲಿಕ್ಕೆ ಮನಸ್ಸಿಲ್ಲದಿದ್ದರೆ ಬಾಯಿಬಿಟ್ಟು ಹೇಳ್ಬಹುದಿತ್ತು. ಹೀಗೆ ಮಾಡುದು ಎಂತಕ್ಕೆ?"

ಕುಸುಮಾ ಅವಳ ಕಡೆ ತಿರುಗಲೂ ಇಲ್ಲ. "ಬರೀ ಹಣ್ಣು, ತರಕಾರಿ ತಿಂದು ಬದುಕ್ತಾ ಇದ್ದೇನೆ ಮೇಡಂ. ಇನ್ನು ಬಿಡ್ಲಿಕ್ಕೆ ಎಂತ ಉಂಟು?" ಎಂದಳು.

ಕದ್ದು ತಿನ್ನುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರು ನನ್ನ ಮುಖ ನೋಡಿ ಮಾತಾಡುವುದಿಲ್ಲ. ಇವಳು ನೇರ ನೋಡುತ್ತಿದ್ದಳು. ಮುಂದಿನ ಭಾನುವಾರ ಅಡುಗೆಮನೆಯ ಚಿಕ್ಕ ತಕ್ಕಡಿಯನ್ನು ಚೀಲಕ್ಕೆ ಹಾಕಿಕೊಂಡು ಸುಳ್ಯದ ಬಸ್ಸು ಹತ್ತಿ ಜಾಲ್ಸೂರಿನಲ್ಲಿ ಇಳಿದೆ. 

ಹಿಂದಿನ ಜಗಲಿಯಲ್ಲಿ ಅತ್ತಿಗೆ ನಾದಿನಿ ಇಬ್ಬರೂ ಇದ್ದರು. ಕುಸುಮಾ ಅಂಗೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ಹಲಸಿನ ಹಣ್ಣು ಬಿಡಿಸುತ್ತಿದ್ದಳು. ಐದಾರು ಸೊಳೆ ಪಾತ್ರೆಗೆ, ಒಂದು ಬಾಯಿಗೆ. ನಮ್ಮ ಕಡೆ ಬಿಡಿಸುವವರು ಹಾಗೆ ತಿನ್ನುವುದನ್ನು ಯಾರೂ ತಿನ್ನುವುದು ಅಂತ ಕರೆಯುವುದಿಲ್ಲ. ಅದು ಕೆಲಸದಲ್ಲೇ ಸೇರಿಹೋಗಿದೆ.

ನಾನು ಒಂದು ಬಟ್ಟಲು ಕೇಳಿ ಪಡೆದು ಅವಳ ಮುಂದಿಟ್ಟೆ. "ಬಾಯಿಗೆ ಹೋಗುದನ್ನೆಲ್ಲ ಇವತ್ತು ಇದಕ್ಕೆ ಹಾಕು ಮಾರಾಯ್ತಿ."

ಹಣ್ಣು ಮುಗಿಯುವಾಗ ಬಟ್ಟಲು ತುಂಬಿತ್ತು. ಬೀಜ ತೆಗೆದು ತೂಗಿದರೆ ಆರುನೂರು ಗ್ರಾಂ. ನೂರು ಗ್ರಾಂ ಹಲಸಿನ ಹಣ್ಣಿನಲ್ಲಿ ಸುಮಾರು ತೊಂಬತ್ತೈದು ಕ್ಯಾಲೊರಿ, ಅಂದರೆ ಆಹಾರ ಕೊಡುವ ಶಕ್ತಿಯ ಅಳತೆ. ಅವಳು ಬಿಟ್ಟಿದ್ದ ಮಧ್ಯಾಹ್ನದ ಅನ್ನ ಅಷ್ಟೂ ಅಲ್ಲೇ ವಾಪಸು ಬಂದಿತ್ತು. ಒಳಗೆ ಊಟಕ್ಕೆ ಹಲಸಿನಕಾಯಿ ಪಲ್ಯ, ಹಲಸಿನ ಜಾತಿಯದೇ ಆದ ಜೀಗುಜ್ಜೆಯ ಸಾಂಬಾರು ಕಾಯುತ್ತಿದ್ದವು. ಎರಡಕ್ಕೂ ಧಾರಾಳವಾಗಿ ತೆಂಗಿನಕಾಯಿ.

"ಹಲಸಿನಕಾಯಿ ತರಕಾರಿ ಅಲ್ವಾ ಮೇಡಂ?" ಕುಸುಮಾಳ ದನಿ ಸಣ್ಣಗಾಗಿತ್ತು.

"ತರಕಾರಿಯೇ. ಆದರೆ ಹೊಟ್ಟೆಗೆ ಹೋದ ಮೇಲೆ ಅದು ಅನ್ನದ ತಮ್ಮ."

ಯಶೋದಾ ಬಟ್ಟಲನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು ಬಂದು ಎಣ್ಣೆಯ ಗಿಂಡಿಯನ್ನು ತನ್ನ ಕಡೆ ಎಳೆದುಕೊಂಡಳು. "ಅತ್ತಿಗೆ, ಇನ್ನು ಹಲಸು ಬಿಡಿಸುದು ನಾನು. ನೀವು ಆಚೆ ಕೂತ್ಕೊಳ್ಳಿ" ಎಂದಳು. ಕ್ಷಮೆ ಕೇಳುವುದು ಆ ಮನೆಯಲ್ಲಿ ಹಾಗೆಯೇ ಇರಬೇಕು.

ನಾನು ಹಲಸನ್ನು ನಿಷೇಧಿಸಲಿಲ್ಲ. ಆ ಊರಲ್ಲಿ ಅದು ನಡೆಯುವ ಮಾತಲ್ಲ. ಮುಳ್ಳುಸೌತೆ, ಪಡುವಲ, ಹೀರೆ, ಬಸಳೆ ಹೊಟ್ಟೆ ತುಂಬ ತಿನ್ನಲಿ, ಕಾಯಿತುರಿ ಮಾತ್ರ ಒಂದು ಚಮಚ. ಹಲಸು, ಜೀಗುಜ್ಜೆ, ಗೆಣಸು ಮಾಡಿದ ದಿನ ಅದನ್ನು ಅನ್ನವೆಂದೇ ಎಣಿಸಲಿ. ಹಣ್ಣಿನ ಸೊಳೆ ದಿನಕ್ಕೆ ನಾಲ್ಕು, ಅದೂ ತಟ್ಟೆಗೆ ಹಾಕಿ ಕೂತು ತಿನ್ನಲಿ. ಬಿಟ್ಟಿದ್ದ ಅನ್ನವನ್ನು ಒಂದು ಸೌಟು ವಾಪಸು ಕೊಟ್ಟೆ. ಅದಕ್ಕೆ ಅವಳು ಅತ್ತಳು.

ದೀಪಾವಳಿ ಕಳೆದ ಮೇಲೆ ಮಂಗಳೂರಿನಿಂದ ಫೋನು ಬಂತು. ಮಾಡಿದವಳು ಯಶೋದಾ. "ಎಪ್ಪತ್ತೊಂಬತ್ತೂವರೆ ಮೇಡಂ" ಎಂದಳು. ನನ್ನ ಸರ್ವಿಸಿನಲ್ಲಿ ಸನ್ಮಾನ, ಶಾಲು ಎಲ್ಲ ಸಿಕ್ಕಿವೆ. ಆ ಸಂಖ್ಯೆ ಕೇಳಿದಾಗ ಆದಷ್ಟು ಹೆಮ್ಮೆ ಅವು ಯಾವುದರಿಂದಲೂ ಆಗಿಲ್ಲ. ತೂಕ ಇಳಿಯದಿದ್ದರೆ ರೋಗಿಯ ಮನಸ್ಸನ್ನು ಅನುಮಾನಿಸುವ ಮೊದಲು ಅವರ ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂರಬೇಕು ಎಂಬುದು ನನ್ನ ಕೆಲಸ ನನಗೆ ಕಲಿಸಿದ ಪಾಠ.

ನಾನು ನಿವೃತ್ತಳಾದ ವರ್ಷ ಹಲಸಿನ ಕಾಲಕ್ಕೆ ರಾಮಕುಂಜದ ನನ್ನ ಮನೆಯಂಗಳಕ್ಕೆ ಒಂದು ಜೀಪು ಬಂದು ನಿಂತಿತು. ಓಡಿಸಿಕೊಂಡು ಬಂದವನು ದಿನೇಶ. ಕುಸುಮಾ ತಂದ ಹಣ್ಣನ್ನು ನನ್ನ ಜಗಲಿಯಲ್ಲೇ ಬಿಡಿಸಲು ಕೂತಳು, ನಾನು ಅವಳ ಕೈಯನ್ನೇ ನೋಡುತ್ತಾ ಕೂತೆ. ಒಂದು ಸೊಳೆಯೂ ಬಾಯಿಗೆ ಹೋಗಲಿಲ್ಲ. ಎಲ್ಲ ಮುಗಿದ ಮೇಲೆ ಕೈಯ ಅಂಟು ಒರೆಸಿ, ನಾಲ್ಕು ಸೊಳೆ ತಟ್ಟೆಗೆ ಹಾಕಿಕೊಂಡಳು. ಒಂದನ್ನು ತಮ್ಮನ ಕೈಯಲ್ಲಿಟ್ಟು, ಉಳಿದ ಮೂರನ್ನು ಅವನ ಪಕ್ಕ ಕೂತು ನಿಧಾನವಾಗಿ ತಿಂದಳು.