ಸೋತವನ ಬೆನ್ನಿನ ಮಣ್ಣು

ಆ ಛಾಯಾಚಿತ್ರದಲ್ಲಿ ನಾನು ಎರಡು ಕೈಗಳಿಂದ ತೊಡೆ ತಟ್ಟುತ್ತಿದ್ದೇನೆ. ಬಾಯಿ ತೆರೆದಿದೆ, ಒಂದು ಕಾಲು ನೆಲದಿಂದ ಮೇಲಿದೆ. ಥಾಣೆಯ ಕಾಲೇಜೊಂದರ ಸಭಾಂಗಣದಲ್ಲಿ ನಡೆದ ಅಂತರ ಕಾಲೇಜು ಕುಸ್ತಿಯ ಅಂತಿಮ ಪಂದ್ಯ ಮುಗಿದ ಕ್ಷಣ ಅದು. ಎರಡು ದಿನಗಳ ನಂತರ ಸ್ಥಳೀಯ ಮರಾಠಿ ಪತ್ರಿಕೆಯಲ್ಲಿ ಅಚ್ಚಾಯಿತು. ಡೊಂಬಿವಲಿಯ ಸಾಲುಮನೆಗಳ ನಮ್ಮ ಚಾಳಿನಲ್ಲಿ ಪತ್ರಿಕೆ ಬಾಗಿಲಿಂದ ಬಾಗಿಲಿಗೆ ಹೋಗಿ, ಮಡಿಕೆಗಳಲ್ಲಿ ಹರಿದು, ಸಂಜೆಯ ವೇಳೆಗೆ ನಮ್ಮ ಮನೆಗೆ ಮರಳಿತು.

ನನ್ನ ತಂದೆಯವರು ವಿಜಯಪುರ ಜಿಲ್ಲೆಯಿಂದ ಬಂದು ರಬಾಳೆಯ ಕಾರ್ಖಾನೆಯೊಂದರಲ್ಲಿ ಲೋಡಿಂಗ್ ಕೆಲಸ ಮಾಡುತ್ತಿದ್ದರು. ಅವರಿಗೆ ಓದುಬರಹ ತಿಳಿಯದು. ಹರೆಯದಲ್ಲಿ ಊರಿನ ಕೆಂಪು ಮಣ್ಣಿನ ಕಣದಲ್ಲಿ ಕುಸ್ತಿ ಹಿಡಿದವರು. ನಾನು ನಮ್ಮ ವಂಶದಲ್ಲಿ ಪದವಿ ತರಗತಿಗೆ ಸೇರಿದ ಮೊದಲಿಗ. ಆದುದರಿಂದ ಪತ್ರಿಕೆಯ ಶೀರ್ಷಿಕೆಯನ್ನು ನಾನೇ ಕನ್ನಡಕ್ಕೆ ತಿರುಗಿಸಿ ಎರಡು ಬಾರಿ ಓದಿ ಹೇಳಿದೆ. ತಂದೆಯವರು ಅಕ್ಷರಗಳತ್ತ ನೋಡಲಿಲ್ಲ. ಚಿತ್ರದ ಮೂಲೆಯ ಮೇಲೆ ಹೆಬ್ಬೆರಳಿಟ್ಟರು.

"ಹಿಂದ ಬಿದ್ದಾಂವ ಯಾರು?"

ಅಲ್ಲಿ ಇಬ್ಬರ ನಡುವೆ ಎರಡು ಕಾಲುಗಳು ಮಾತ್ರ ಕಾಣುತ್ತಿದ್ದವು. ಒಬ್ಬರು ವೈದ್ಯರು, ಇನ್ನೊಬ್ಬರು ತೀರ್ಪುಗಾರರು. ಕಾಲುಗಳು ನನ್ನ ಎದುರಾಳಿಯವು.

"ನನ್ ಜೋಡಿ ಆಡಿದಾಂವ. ಭುಜ ಜಾರಿತ್ತು ಅವಂದು."

"ಎಬ್ಬಿಸಿದೇನು?"

"ಡಾಕ್ಟರ್ ಇದ್ರಲ್ಲ ಅಪ್ಪಾ."

"ಬೆನ್ನಿನ ಮಣ್ಣ ಝಾಡಿಸಿದೇನು?"

ನಾನು ನಕ್ಕೆ. "ಮ್ಯಾಟ್ ಮ್ಯಾಲ ಮಣ್ಣೆಲ್ಲಿರ್ತದ?"

ತಂದೆಯವರು ನಗಲಿಲ್ಲ. ಅವರ ಊರಿನ ಪದ್ಧತಿಯನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ. ಗೆದ್ದವನು ಸೋತವನನ್ನು ಕೈಹಿಡಿದು ಎಬ್ಬಿಸಬೇಕು, ಅವನ ಬೆನ್ನಿಗೆ ಅಂಟಿದ ಮಣ್ಣನ್ನು ತನ್ನ ಅಂಗೈಯಿಂದಲೇ ಒರೆಸಬೇಕು. ಅನಂತರವೇ ಹಲಗೆ ಬಾರಿಸುತ್ತಾರೆ, ರುಮಾಲು ಸುತ್ತುತ್ತಾರೆ. ರಬ್ಬರಿನ ಮ್ಯಾಟಿನ ಮೇಲೆ ಬೆಳೆದ ನಾನು ಅದನ್ನು ಮಣ್ಣಿಗೆ ಸಂಬಂಧಿಸಿದ ಪದ್ಧತಿಯೆಂದೇ ತಿಳಿದಿದ್ದೆ. ಮಣ್ಣು ಇಲ್ಲವಾದ ಮೇಲೆ ಪದ್ಧತಿಯೂ ಇಲ್ಲವೆಂದು ಭಾವಿಸಿದ್ದೆ.

"ಹಂಗಾದ್ರ ಕುಸ್ತಿ ಇನ್ನೂ ಮುಗದಿಲ್ಲ. ಮುಗೀಲಾರದ ಕುಸ್ತಿಗೆ ನಾ ರುಮಾಲ ಸುತ್ತಾಂಗಿಲ್ಲ. ರವಿವಾರ ನಾ ಬರೂದಿಲ್ಲ, ನಿಮ್ ಸಂಘದವರಿಗೆ ಹೇಳು."

ಆ ಭಾನುವಾರ ನಮ್ಮ ಭಾಗದ ಕನ್ನಡಿಗರ ಸಂಘದವರು ಶಾಲೆಯೊಂದರ ಸಭಾಂಗಣದಲ್ಲಿ ನನ್ನನ್ನು ಸನ್ಮಾನಿಸುವವರಿದ್ದರು. ತಂದೆಯೇ ಮಗನ ತಲೆಗೆ ರುಮಾಲು ಸುತ್ತಬೇಕೆಂದು ನಿಶ್ಚಯವಾಗಿತ್ತು. ವೇದಿಕೆಯ ಮೇಲೆ ಅವರು ನನ್ನ ಪಕ್ಕದಲ್ಲಿ ನಿಲ್ಲಬೇಕೆಂಬುದು ಪದಕಕ್ಕಿಂತಲೂ ದೊಡ್ಡ ಆಸೆಯಾಗಿತ್ತು ನನಗೆ. ಇಪ್ಪತ್ತು ವರ್ಷ ಚೀಲ ಹೊತ್ತ ಮನುಷ್ಯನನ್ನು ಯಾರೂ ಯಾವ ವೇದಿಕೆಗೂ ಕರೆದಿರಲಿಲ್ಲ.

ನಾನು ವಾದಿಸಿದೆ. ಎದುರಾಳಿ ಉಪಾಂತ್ಯ ಪಂದ್ಯದಲ್ಲಿಯೇ ಭುಜಕ್ಕೆ ಪೆಟ್ಟು ಮಾಡಿಕೊಂಡು, ಪಟ್ಟಿ ಸುತ್ತಿಕೊಂಡು ಅಂತಿಮ ಪಂದ್ಯಕ್ಕೆ ಬಂದಿದ್ದ. ನಾನು ಆ ಕೈಯನ್ನೇ ಹಿಡಿದು ಎಳೆದು ಉರುಳಿಸಿದೆ. ಅದು ನಿಯಮಕ್ಕೆ ಅನುಗುಣವಾದ ಪಟ್ಟು. ನಿಯಮಗಳ ಪುಸ್ತಿಕೆಯನ್ನೇ ತೆರೆದು ತೋರಿಸಿದೆ.

"ಅದನ್ಯಾಕ ತೋರಸ್ತಿ?" ಎಂದರು ತಂದೆಯವರು. "ಕೈ ಹಿಡದದ್ದು ತಪ್ಪಂತ ನಾ ಅಂದೇನೇನು? ಕಣಕ್ಕ ಇಳದ ಮ್ಯಾಲ ಅವನ ಭುಜ ಅವನ ಜವಾಬ್ದಾರಿ. ಅಂವಾ ಬಿದ್ದ ಮ್ಯಾಲ?"

ಇಂದಿಗೂ ನನ್ನ ನಿಲುವು ಅದೇ ಆಗಿದೆ. ಪಂದ್ಯ ನಡೆಯುತ್ತಿರುವಾಗ ಎದುರಾಳಿಯ ನೋವಿರುವ ಅಂಗವನ್ನು ನಿಯಮದೊಳಗೆ ಬಳಸಿಕೊಳ್ಳುವುದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ಕನಿಕರದಿಂದ ಸಡಿಲ ಹಿಡಿತ ಹಿಡಿಯುವುದು ಅವನ ಧೈರ್ಯಕ್ಕೆ ಮಾಡುವ ಅವಮಾನ. ಆದರೆ ಸೀಟಿ ಊದಿದ ಮೇಲೆ ನೆಲದ ಮೇಲಿರುವವನು ಎದುರಾಳಿಯಲ್ಲ, ನೋವಿನಲ್ಲಿರುವ ಒಬ್ಬ ಮನುಷ್ಯ. ಈ ಎರಡು ಸ್ಥಿತಿಗಳ ನಡುವಿನ ಅಂತರ ಒಂದು ಸೀಟಿಯಷ್ಟೇ. ನನಗೆ ಅದು ಕೇಳಿಸಿತ್ತು. ಕೇಳಿಸಿದ ತಕ್ಷಣ ನಾನು ಕುಣಿದೆ.

ಶನಿವಾರ ಎದುರಾಳಿಯ ಮನೆಯಿದ್ದ ಕಲ್ಯಾಣಕ್ಕೆ ಹೊರಟೆ. ಅಂಗಿಯ ಜೇಬಿನಲ್ಲಿ ಒಂದು ಪತ್ರವಿತ್ತು. "ಮಾನ್ಯರೇ, ಅಂದಿನ ನನ್ನ ವರ್ತನೆಗಾಗಿ ವಿಷಾದಿಸುತ್ತೇನೆ" ಎಂದು ಆರಂಭವಾಗುವ ಆ ಪತ್ರವನ್ನು ಮೂರು ಸಲ ತಿದ್ದಿ ಬರೆದಿದ್ದೆ. ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಅದು ಬೆವರಿಗೆ ಒದ್ದೆಯಾಯಿತು.

ಎದುರಾಳಿಯದು ಉಡುಪಿ ಕಡೆಯ ಕುಟುಂಬ, ತಂದೆ ಹೋಟೆಲಿನಲ್ಲಿ ಮ್ಯಾನೇಜರ್. ಬಾಗಿಲು ತೆರೆದವರು ಅವನ ತಾಯಿ. ನಾನು ಯಾರೆಂದು ಹೇಳಿದೆ.

"ಓ, ಇವನ ಭುಜ ಮುರಿದದ್ದು ನೀವಾ?" ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಒಳಗೆ ಬನ್ನಿ. ಚಾ ಕುಡೀತೀರಲ್ಲ?"

"ಮಮ್ಮಿ, ಟೂಟಾ ನಹೀ, ಸರಕಾ ಥಾ," ಮುರಿದಿಲ್ಲ, ಜಾರಿದ್ದಷ್ಟೇ ಎಂದು ಒಳಗಿನಿಂದ ಹಿಂದಿಯಲ್ಲಿ ತಿದ್ದುಪಡಿ ಬಂತು.

ಅವನು ಗೋಡೆಗೆ ಒರಗಿ ನೆಲದ ಮೇಲೆ ಕುಳಿತಿದ್ದ. ಬಲಗೈ ಜೋಳಿಗೆಯಂತಹ ಪಟ್ಟಿಯಲ್ಲಿ ಕುತ್ತಿಗೆಯಿಂದ ತೂಗುತ್ತಿತ್ತು. ಎಡಗೈಯಲ್ಲಿ ಚಮಚ ಹಿಡಿದು ಅವಲಕ್ಕಿ ತಿನ್ನುತ್ತಿದ್ದ. ಅರ್ಧ ಅವನ ಅಂಗಿಯ ಮೇಲಿತ್ತು.

"ಆವೋ ಪೈಲ್ವಾನ್!" ಎಂದ. ನನಗೆ ಹಿಂದಿ ಬರುತ್ತಿದ್ದರೂ, ಕನ್ನಡದಲ್ಲಿ ಮಾತಾಡು ಎನ್ನುವಂತಿದ್ದ ತಾಯಿಯ ಮುಖ ನೋಡಿ ಕನ್ನಡಕ್ಕೆ ತಿರುಗಿದ. "ಪೇಪರಲ್ಲಿ ನಿನ್ನ ಪೂರಾ ಬಾಡಿ ಬಂದಿದೆ, ನನ್ನ ಬರೀ ಕಾಲು. ನಮ್ಮ ಬಿಲ್ಡಿಂಗಲ್ಲಿ ಎಲ್ಲರಿಗೂ ತೋರಿಸಿದೆ, ಇದು ನನ್ನ ಕಾಲು ಅಂತ. ಯಾರೂ ನಂಬಲ್ಲ."

ನಾನು ಜೇಬಿಗೆ ಕೈ ಹಾಕಿದೆ. ಒದ್ದೆಯಾದ ಪತ್ರ ಮಡಿಕೆಯಲ್ಲಿ ಅಂಟಿಕೊಂಡಿತ್ತು. ಅಲ್ಲಿಯೇ ಬಿಟ್ಟೆ.

"ಕೈ ಹಿಡಿದು ಎಳೆದದ್ದಕ್ಕೆ ಕ್ಷಮೆ ಕೇಳೋಕೆ ಬಂದಿಲ್ಲ," ಎಂದೆ.

"ಅದಕ್ಕೆ ಬಂದಿದ್ರೆ ವಾಪಸ್ ಕಳಿಸ್ತಿದ್ದೆ. ನಾನಾದ್ರೂ ಅದನ್ನೇ ಹಿಡೀತಿದ್ದೆ." ಚಮಚವನ್ನು ತಟ್ಟೆಯಲ್ಲಿಟ್ಟ. "ಆಮೇಲೆ ಕುಣಿದೆ ನೋಡು, ಅದು. ನಾನು ಕೆಳಗಿಂದ ನೋಡ್ತಾ ಇದ್ದೆ. ಮೇಲೆ ಫ್ಯಾನು, ಕೆಳಗೆ ನಿನ್ನ ಕಾಲು. ಇವನು ನನ್ನ ಮೇಲೆ ಬೀಳ್ತಾನೆ ಅಂತ ಹೆದರಿಕೆ ಆಯ್ತು, ಮಾರಾಯ."

ತಾಯಿ ಚಹಾ ತಂದಿಟ್ಟು ಅಲ್ಲಿಯೇ ನಿಂತರು. ಅವರು ನಗುತ್ತಿರಲಿಲ್ಲ. ಅವನೂ ಆಗ ನಗುತ್ತಿರಲಿಲ್ಲ.

"ತಪ್ಪಾಯಿತು," ಎಂದೆ. ಮೂರು ಸಲ ತಿದ್ದಿದ ಪತ್ರದಲ್ಲಿ ಆ ಪದವೇ ಇರಲಿಲ್ಲ. ಅನಂತರ ತಂದೆಯವರು ಹೇಳಿದ ಪದ್ಧತಿಯನ್ನು ವಿವರಿಸಿದೆ. ಅವನು ಗಮನವಿಟ್ಟು ಕೇಳಿದ.

"ಈಗ ಮಣ್ಣೆಲ್ಲಿಂದ ತರೋದು? ತುಳಸಿ ಕುಂಡದಿಂದ ತೆಗೆದ್ರೆ ಮಮ್ಮಿ ಇನ್ನೊಂದು ಭುಜ ಮುರೀತಾಳೆ."

ಬಲಗೈ ಕಟ್ಟಿಹಾಕಿದ್ದರಿಂದ ಏಳಲು ತಿಣುಕಿದ. ನಾನು ಎಡಗೈ ಹಿಡಿದು ಎಬ್ಬಿಸಿದೆ. ಗೋಡೆಯ ಸುಣ್ಣ ಅವನ ಅಂಗಿಯ ಬೆನ್ನಿಗೆಲ್ಲ ಮೆತ್ತಿಕೊಂಡಿತ್ತು. ಅಂಗೈಯಿಂದ ಒರೆಸಿದೆ, ನೋವಿನ ಭುಜದ ಕಡೆ ಮೆಲ್ಲಗೆ, ಉಳಿದೆಡೆ ಸ್ವಲ್ಪ ಜೋರಾಗಿ.

"ಗುದ್ಗುದೀ ಆಗ್ತದೆ," ಎಂದು ಅವನು ಕಚಗುಳಿಗೆ ಮೈ ಕೊಂಕಿಸಿದ. ಆಗ ಅವನ ತಾಯಿ ಮೊದಲ ಬಾರಿಗೆ ನಕ್ಕರು.

ಸಂಜೆ ಮನೆಗೆ ಬಂದಾಗ ತಂದೆಯವರು ಪಾಳಿ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದರು. ನಡೆದುದನ್ನು ಹೇಳಿದೆ. ಅವರು ಒಂದೇ ಪ್ರಶ್ನೆ ಕೇಳಿದರು.

"ಮುಂದಿನ ಕುಸ್ತಿ ಯಾವಾಗ ಅಂದ?"

"ಡಾಕ್ಟರ್ ಆರು ವಾರ ಬ್ಯಾಡ ಅಂದಾರಂತ. ಆಮ್ಯಾಲ ನೋಡ್ಕೋತೀನಿ ನಿನ್ನ ಅಂದ."

"ಹಂ," ಎಂದರು. "ಹಂಗಿದ್ರ ಬರೋಬ್ಬರಿ ಆತು." ನಂತರ ಪೆಟ್ಟಿಗೆಯಿಂದ ಬಿಳಿ ಅಂಗಿ ತೆಗೆದು, ಇಸ್ತ್ರಿ ಮಾಡಿಸಿಕೊಂಡು ಬಾ ಎಂದು ನನ್ನ ಕೈಗಿಟ್ಟರು.

ಭಾನುವಾರ ಸಂಘದವರು ಅದೇ ಛಾಯಾಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ವೇದಿಕೆಯ ಹಿಂದೆ ಕಟ್ಟಲು ಸಿದ್ಧರಾಗಿದ್ದರು. ಬೇಡವೆಂದೆ. "ಹಿಂದಿನ ಕಾಲು ಕಟ್ ಮಾಡಿದ್ರಾಯ್ತಲ್ಲ" ಎಂದು ಕಾರ್ಯದರ್ಶಿಗಳು ಉಪಾಯ ಸೂಚಿಸಿದರು. ಹಿರಿಯರಿಗೆ ಎದುರು ಮಾತನಾಡುವ ಅಭ್ಯಾಸ ನನಗಿರಲಿಲ್ಲ. ಆದರೂ ಅಂದು ಸ್ಪಷ್ಟವಾಗಿ ನಿರಾಕರಿಸಿ, ಬ್ಯಾನರನ್ನು ನಾನೇ ಸುತ್ತಿ ಮೂಲೆಯಲ್ಲಿಟ್ಟೆ. ಸನ್ಮಾನ ಬರಿಯ ಗೋಡೆಯ ಮುಂದೆಯೇ ನಡೆಯಿತು.

ತಂದೆಯವರು ವೇದಿಕೆಗೆ ಬಂದರು. ಚೀಲ ಬಿಗಿದು ಬಿಗಿದು ಗಟ್ಟಿಯಾದ ಕೈಗಳು. ರುಮಾಲನ್ನು ಅಷ್ಟೇ ಬಿಗಿಯಾಗಿ ಸುತ್ತಿದರು. ನನ್ನ ಹುಬ್ಬುಗಳು ಮೇಲೆ ಸರಿದವು. ಕೊನೆಯ ಸುತ್ತು ಸಿಕ್ಕಿಸಿ ಕಿವಿಯ ಬಳಿ ಹೇಳಿದರು:

"ಈಗ ಮುಗೀತು. ಇನ್ನ ಬೇಕಾದ್ರ ತೊಡಿ ತಟ್ಟು."

ತಟ್ಟಿದೆ, ಒಂದೇ ಸಲ.