ರಾಜೇಸಾಬನ ಅಂಗಿ

ಮಗಳು ಶಾಲೆಯ ಮೈದಾನದಲ್ಲಿ ಬಿದ್ದು ಪಾದ ಉಳುಕಿಸಿಕೊಂಡು ಬಂದಿದ್ದಾಳೆ. ಹೆಂಡತಿ ಅರಿಶಿನ-ಸುಣ್ಣ ಕಲಸಿ ಹಚ್ಚುತ್ತಿದ್ದಂತೆ ಆ ವಾಸನೆ ನನ್ನನ್ನು ಗೋವಾದ ಝುವಾರಿನಗರದಲ್ಲಿ ನಾನು ಹುಡುಗನಾಗಿದ್ದಾಗಿನ ಕೆಂಪು ಮಣ್ಣಿನ ಮೈದಾನಕ್ಕೆ ಎಳೆದೊಯ್ದಿತು.

ನಮ್ಮ ಓಣಿಯ ಫುಟ್‌ಬಾಲ್ ತಂಡಕ್ಕೆ ಇದ್ದದ್ದು ಹನ್ನೊಂದೇ ಅಂಗಿ. ಗೌಂಡಿ ಕೆಲಸದ ಮೌಲಾ ಕಾಕಾ ನಮ್ಮ ಕೋಚ್. ಅವರ ತಂಬಾಕಿನ ಚಂಚಿಯಲ್ಲೇ ಅರಿಶಿನ, ಸುಣ್ಣ, ಹಳೆ ಬಟ್ಟೆಯ ಪಟ್ಟಿ ಇರುತ್ತಿದ್ದವು. ಯಾರಿಗಾದರೂ ಪೆಟ್ಟಾದರೆ ಅವನ ಅಂಗಿ ತೊಟ್ಟು ಹನ್ನೆರಡನೆಯವನು ಇಳಿಯಬೇಕು. ಆ ಹನ್ನೆರಡನೆಯವನು ನಾನು. ಪ್ರತಿ ಪಂದ್ಯದಲ್ಲೂ ಗೆರೆಯಾಚೆ ಕೂತು, ಯಾರಾದರೂ ಬೀಳಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಒಂದು ಸಂಜೆ ಬಿದ್ದದ್ದು ಪಕ್ಕದ ಮನೆಯ ರಾಜೇಸಾಬ, ನನ್ನ ಜೀವದ ಗೆಳೆಯ. ಎಲ್ಲರೂ ಅವನ ಕಾಲು ನೋಡಲು ಓಡಿದರು. ನಾನು ಓಡಿಹೋಗಿ ಅಂಗಿಗೆ ಕೈ ಹಾಕಿದೆ.

“ಲಗೂ ಬಿಚ್ಚಲೇ, ಹೊತ್ತು ಹೊಂಟೈತಿ,” ಅಂದೆ.

“ಮೊದ್ಲ ಅವನ ಕಾಲ್ ನೋಡೋ,” ಎಂದರು ಕಾಕಾ, ಪಟ್ಟಿ ಸುತ್ತುತ್ತ.

ರಾಜೇಸಾಬ ನೋವಿಗೆ ಅಳುತ್ತಲೇ, ನನಗೆ ಬಿಚ್ಚಲು ಅನುಕೂಲವಾಗಲೆಂದು ಎರಡೂ ಕೈ ಮೇಲೆತ್ತಿದ. ಆ ಕೈಗಳು ನೆನಪಾದರೆ ಇಂದಿಗೂ ತಲೆ ತಗ್ಗುತ್ತದೆ. ಅವನ ಬೆವರಿನಿಂದ ಒದ್ದೆಯಾದ ಅಂಗಿ ತೊಟ್ಟು ನಾನು ಆಡಿದೆ. ಅವನು ಬರಿಮೈಯಲ್ಲಿ ಕೂತು, ಚೆಂಡು ನನ್ನ ಬಳಿ ಬಂದಾಗಲೆಲ್ಲ ಚಪ್ಪಾಳೆ ತಟ್ಟಿದ.

“ಅಪ್ಪಾ, ಆಡುವಾಗ ನಿನಗೂ ಪೆಟ್ಟ ಆಗಿತ್ತೇನು?” ಮಗಳು ಕೇಳಿದಳು.

“ಇಲ್ಲವ್ವಾ,” ಅಂದೆ. “ನನಗ ಒಮ್ಮಿನೂ ಆಗ್ಲಿಲ್ಲ.”