ಫಕೀರಪ್ಪನವರ ಗಿಡಗಳು

ಫಕೀರಪ್ಪನವರ ಪಡಸಾಲೆಯಲ್ಲಿ ಕಾಲಿಡಲು ಜಾಗ ಹುಡುಕಬೇಕಾಗುತ್ತಿತ್ತು. ನೆಲದ ತುಂಬ ಚೀಟಿಗಳು. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಮಾಡಿದ ಚೀಟಿಗಳು; ಗಾಳಿಗೆ ಹಾರದಂತೆ ಒಂದೊಂದರ ಮೇಲೂ ಒಂದು ಹುಣಸೆಬೀಜ. ನಡುವೆ ಚಕ್ಕಳಮಕ್ಕಳ ಹಾಕಿ ಕೂತ ಅವರು ತಲೆ ಎತ್ತದೆಯೇ, "ಗ್ವಾಡಿ ಹಿಡದು ಬರ್ರಿ, ನಡಕ ಮಂದಿ ಅದಾರ" ಎನ್ನುತ್ತಿದ್ದರು. ಮಂದಿ ಎಂದರೆ ಆ ಚೀಟಿಗಳೇ.

ಎಂಬತ್ತರ ದಶಕದ ನಡುವಿನಲ್ಲಿ ನಾನು ಶಿಗ್ಗಾಂವದ ಕಾಲೇಜೊಂದಕ್ಕೆ ಗಣಿತ ಕಲಿಸಲು ಬಂದು, ಅವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಅವರು ಹಾನಗಲ್ಲಿನ ವಕೀಲರೊಬ್ಬರ ಬಳಿ ಮೂವತ್ತು ವರ್ಷ ಕಾರಕೂನಿಕೆ ಮಾಡಿ ಬಿಟ್ಟುಬಂದವರು. ಮನೆ-ಹೊಲ ಪಾಲಾಗುವ ದಾವೆಗಳಿಗೆ ಮೊದಲು ಬೇಕಾಗುವುದು ವಂಶವೃಕ್ಷ. ಅದನ್ನು ಬರೆಯುವುದೇ ಅವರ ಕೆಲಸವಾಗಿತ್ತು. ಅವರು ಅದಕ್ಕೆ ಗಿಡ ಕಟ್ಟುವುದು ಎನ್ನುತ್ತಿದ್ದರು. ಕೆಲಸ ಬಿಟ್ಟಮೇಲೂ ಚಟ ಬಿಡಲಿಲ್ಲ. ಕಂಡವರ ಮನೆತನದ ಗಿಡವನ್ನೆಲ್ಲ ಸುಮ್ಮನೆ ಕಟ್ಟುತ್ತಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನಿಮ್ಮ ಗಿಡ ಎಲ್ಲಿ ಎಂದು ಒಮ್ಮೆ ಕೇಳಿದ್ದಕ್ಕೆ, "ನಮ್ದು ಭಾಳ ಸಸಾರ್ರೀ, ಎರಡs ಚೀಟಿ, ಕೆಳಗ ಖಾಲಿ" ಎಂದು ನಕ್ಕಿದ್ದರು.

ಯಾರನ್ನೂ ಅವರು ಮೊದಲು ಹೆಸರು ಕೇಳಿದವರಲ್ಲ. "ಯಾರ ಪೈಕಿ?" ಎಂಬುದೇ ಮೊದಲ ಪ್ರಶ್ನೆ. ನಾನು ಹಿರೇಕೆರೂರ ಕಡೆಯವಳೆಂದು ಮನೆತನದ ಹೆಸರು ಹೇಳಿದ್ದೇ ತಡ, ನಮ್ಮ ಅಜ್ಜನ ತಮ್ಮ ದತ್ತಕ ಹೋದ ಮನೆಯ ಹೆಸರು ಹೇಳಿದರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಮನುಷ್ಯರನ್ನು ಅವರಪ್ಪನಿಂದ ಅಳೆಯುವ ಮುದುಕ ಎಂದು ಮೊದಲ ವಾರವೆಲ್ಲ ಮುಖ ಗಂಟಿಕ್ಕಿಕೊಂಡೇ ಓಡಾಡಿದೆ.

ಆ ವರ್ಷ ನಮ್ಮ ಕಾಲೇಜಿಗೆ ಒಂದು ಕಂಪ್ಯೂಟರ್ ಬಂತು. ಚಪ್ಪಲಿ ಹೊರಗೆ ಬಿಟ್ಟು, ದೇವರಮನೆ ಹೊಕ್ಕಂತೆ ಒಳಗೆ ಹೋಗಬೇಕು. ಗಣಿತದವಳೆಂದು ಅದನ್ನು ನನ್ನ ಕೊರಳಿಗೆ ಕಟ್ಟಿದರು. ಜನ ನೋಡಲು ಬಂದಾಗ ತೋರಿಸಲು ಏನಾದರೂ ಇರಲೆಂದು ನಮ್ಮ ಮನೆತನದವರ ಹೆಸರುಗಳನ್ನೇ ತುಂಬಿ, ಅದರಿಂದ ವಂಶವೃಕ್ಷ ತೆಗೆಯುವ ಪ್ರೋಗ್ರಾಂ ಬರೆದೆ. ಒಬ್ಬೊಬ್ಬರಿಗೆ ಒಂದು ಸಾಲು: ತನ್ನ ಹೆಸರು, ಅಪ್ಪನ ಹೆಸರು. ಒಬ್ಬನ ಹೆಸರು ಹಿಡಿದು ಅವನ ಮಕ್ಕಳನ್ನು ಹುಡುಕು, ಆ ಮಕ್ಕಳ ಮಕ್ಕಳನ್ನು ಹುಡುಕು, ಮುಗಿಯುವತನಕ ಇಳಿ. ಇಷ್ಟೇ.

ಅದು ಮುಗಿಯಲೇ ಇಲ್ಲ. ಬಸಪ್ಪ, ವೀರಪ್ಪ, ಬಸಪ್ಪ, ವೀರಪ್ಪ ಎಂದು ಪರದೆಯ ತುಂಬ ಒಂದೇ ಸಮನೆ ಇಳಿಯತೊಡಗಿತು. ಮೂರು ದಿನ ತಲೆ ಕೆಡಿಸಿಕೊಂಡು, ಕೊನೆಗೆ ಒಂದು ಭಾನುವಾರ ಫಕೀರಪ್ಪನವರನ್ನೇ ಕರೆದುಕೊಂಡು ಹೋದೆ. ಅವರು ಧೋತರ ಎತ್ತಿ ಕಟ್ಟಿ, ಪರದೆಯನ್ನು ಒಂದು ನಿಮಿಷ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಕ್ಕಾರ, ಅಜ್ಜನ ಹೆಸರ ಮೊಮ್ಮಗಗ ಇಡೋ ಮಂದಿ ನಾವು. ಹೆಸರ ಹಿಡದು ಗಿಡಾ ಕಟ್ಟಾಕ ಹೊಂಟೀರಲ್ಲ! ಮೊಮ್ಮಗನ್ನ ಮುಟ್ಟಿದ ಕೂಡ್ಲೆ ಇದು ಅಜ್ಜ ಅಂತ ತಿಳದು ಮತ್ತ ಮ್ಯಾಲಿಂದ ಸುರು ಮಾಡೇತಿ."

"ಮತ್ತೆ ನೀವು ಹೆಂಗ ಮಾಡ್ತೀರಿ?"

"ಒಂದ ಚೀಟಿಗೆ ಒಬ್ಬ ಮನಷ್ಯಾ. ಮ್ಯಾಲ ಅವನ ನಂಬರ, ನಡಕ ಹೆಸರ, ಕೆಳಗ ಅವರಪ್ಪನ ನಂಬರ. ಎಲ್ಲಾರಕಿಂತ ಹಿರ್ಯಾಗ ಅಪ್ಪನ ನಂಬರ ಸೊನ್ನಿ. ಮೊದಲ ಎಲ್ಲಾರನ್ನೂ ಕುಂದ್ರಸ್ರಿ, ಹಿಂದ ಮುಂದ ಆದ್ರೂ ಚಿಂತಿಲ್ಲ. ಎಲ್ಲಾರೂ ಕುಂತ ಮ್ಯಾಲ ಒಬ್ಬೊಬ್ಬರನ್ನ ಕೇಳ್ರಿ, ನಿಮ್ಮಪ್ಪ ಯಾರು ಅಂತ. ಅಂವ ತೋರ್ಸಿದಲ್ಲಿ ಒಯ್ದು ಇಡ್ರಿ. ಅಜ್ಜ ಮುತ್ತಜ್ಜನ ಸುದ್ದಿ ಚೀಟಿಗೆ ಕೇಳಬಾರ್ದು. ಪ್ರತಿಯೊಬ್ಬರೂ ತಮ್ಮಪ್ಪನ್ನ ತೋರ್ಸಿದ್ರ ಸಾಕು, ಇಡೀ ಮನೆತನಾನ ಎದ್ದ ನಿಂದ್ರತೈತಿ."

ಹಾಗೇ ಬರೆದೆ. ಕಣ್ಣು ಮಿಟುಕಿಸುವಷ್ಟರಲ್ಲಿ ನಮ್ಮ ಮನೆತನ ಪರದೆಯ ಮೇಲೆ ಎದ್ದು ನಿಂತಿತು. ನಾನು ಸಣ್ಣ ಹುಡುಗಿಯಂತೆ ಚಪ್ಪಾಳೆ ತಟ್ಟಿದೆ. ಫಕೀರಪ್ಪನವರು ಮಾತ್ರ ಆಗಲೇ ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು.

ಮರುದಿನ ಬೆಳಿಗ್ಗೆ ಅರಿವೆಯಲ್ಲಿ ಸುತ್ತಿದ ಹಳೆಯ ಚೀಟಿಗಳ ಒಂದು ಗಂಟನ್ನು ನನ್ನ ಮುಂದಿಟ್ಟು, ಹಿಂದಿನದನ್ನೆಲ್ಲ ಹೇಳಿದರು. ತಡಸದ ಒಂದು ಮನೆತನ. ಇಬ್ಬರು ಅಣ್ಣತಮ್ಮಂದಿರು ತಮ್ಮ ತಮ್ಮ ಮಗನಿಗೆ ಅಜ್ಜನಾದ ನಿಂಗಪ್ಪನ ಹೆಸರನ್ನೇ ಇಟ್ಟಿದ್ದರು. ಹೀಗಾಗಿ ಒಂದೇ ಅಂಗಳದಲ್ಲಿ ದೊಡ್ಡ ನಿಂಗಪ್ಪ, ಸಣ್ಣ ನಿಂಗಪ್ಪ. ದೊಡ್ಡ ನಿಂಗಪ್ಪ ಚಿಕ್ಕ ವಯಸ್ಸಿನಲ್ಲೇ ಸತ್ತ. ಹೆಂಡತಿ ಮೊದಲೇ ಹೋಗಿದ್ದಳು. ಉಳಿದವಳು ಒಬ್ಬಳೇ ಮಗಳು, ಗುರವ್ವ, ಆಗ ಹತ್ತು ವರ್ಷದವಳು. ಎಪ್ಪತ್ತರ ದಶಕದ ಮೊದಲಿಗೆ ಆ ಮನೆಯ ದಾವೆ ನಡೆದಾಗ ವಂಶವೃಕ್ಷ ಬರೆದವರು ಫಕೀರಪ್ಪನವರು. ದೊಡ್ಡ ನಿಂಗಪ್ಪನಿಗೆ ಸಂತಾನವಿಲ್ಲ, ಗುರವ್ವ ಸಣ್ಣ ನಿಂಗಪ್ಪನ ಮಗಳು ಎಂದು ಕಾಗದದಲ್ಲಿ ಬಂತು. ಮನೆ ಸಣ್ಣ ನಿಂಗಪ್ಪನಿಗೆ ಹೋಯಿತು. ಗೊತ್ತಿದ್ದೂ ಅವನು ತುಟಿಪಿಟಕ್ಕೆನ್ನಲಿಲ್ಲ.

"ಆಮ್ಯಾಗ ಒಂದಿನ ತಡಸದ ಬಸ್‌ಸ್ಟ್ಯಾಂಡಿನ್ಯಾಗ ಮಂದಿ ಮಾತಾಡೂದ ಕೇಳಿದೆ. ಗುರವ್ವ ಬಾಡಗಿ ಮನ್ಯಾಗ ಅದಾಳ, ನಾ ದೊಡ್ಡ ನಿಂಗಪ್ಪನ ಮಗಳು ಅಂದ್ರ ಎಲ್ಲಾರೂ ನಗ್ತಾರ ಅಂತ. ಅವತ್ತಿಂದ ಈ ಗಂಟ ಬಿಚ್ಚಿಲ್ರಿ. ನಿನ್ನೆ ನಿಮ್ಮ ಮಷೀನ್ ಹೆಸರ ಹಿಡದು ದಾರಿ ತಪ್ಪಿದ್ದ ನೋಡಿ ಇದs ನೆನಪಾತು. ಆವಾಗ ಕೋರ್ಟಿನ ತಾರೀಖು ಮರುದಿನ ಇತ್ರಿ. ಗಡಿಬಿಡಿಯೊಳಗ ನಾನೂ ಹೆಸರ ನೋಡಿ ಬರದೇನೋ ಏನೋ. ಮಷೀನ್ ಯಾರ ಪೈಕೀನೂ ಅಲ್ಲ, ಅದs ಹೇಳ್ಲಿ."

ಗುರವ್ವನ ಚೀಟಿಯೊಂದನ್ನು ನೋಡಿದರೆ ಗೊತ್ತಾಗುವ ಸಂಗತಿ ಅದು; ಅದಕ್ಕೆ ಕಂಪ್ಯೂಟರ್ ಬೇಕಿರಲಿಲ್ಲ. ಆದರೂ ನಾನು ಹಾಗೆನ್ನದೆ, ಅವರನ್ನು ಕಾಲೇಜಿಗೆ ಕರೆದೊಯ್ದು ಹನ್ನೊಂದು ಚೀಟಿಗಳನ್ನೂ ತುಂಬಿದೆ. ಗುರವ್ವ ದೊಡ್ಡ ನಿಂಗಪ್ಪನ ಕೆಳಗೆ ಬಂದಳು. ಚೀಟಿಯಲ್ಲಿ ಸರಿಯಾಗಿ ಬರೆದ ಕೈಯೇ ಕಾಗದದಲ್ಲಿ ತಪ್ಪು ಬರೆದಿತ್ತು. ಫಕೀರಪ್ಪನವರು ಚೀಟಿಗಳನ್ನು ಮತ್ತೆ ಗಂಟು ಕಟ್ಟಿ, ತಡಸದ ಬಸ್ಸು ಎಷ್ಟಕ್ಕೆ ಎಂದು ಕೇಳಿದರು. ನನಗೆ ಅವರ ಮೇಲೆ ಸಿಟ್ಟು ಬಂದಿತ್ತು, ಕರುಳೂ ಚುರುಕ್ಕೆಂದಿತ್ತು.

ಅದೇ ವಾರ ಇಬ್ಬರೂ ಬಸ್ಸು ಹತ್ತಿ ತಡಸಕ್ಕೆ ಹೋದೆವು. ಗುರವ್ವ ಬಾಡಿಗೆ ಕೋಣೆಯ ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಅವರು ನಿಂತುಕೊಂಡೇ ಎಲ್ಲ ಹೇಳಿದರು. ಅವಳ ಕೈ ನಿಲ್ಲಲಿಲ್ಲ.

"ಹದಿನೈದು ವರ್ಷ ನಮ್ಮಪ್ಪನ ಹೆಸರ ಹೇಳಿ ನಗಿಸಿಕೊಂಡೇನ್ರಿ. ಈಗ ಬಂದ್ರಿ."

"ತಪ್ಪ ನಂದವ್ವಾ."

"ನನ್ನ ಮುಂದ ಅಂದ್ರ ಏನ್ ಬಂತ್ರಿ? ಮಂದಿ ಮುಂದ ಅಂತೀರೇನು?"

"ಕೋರ್ಟಿನ್ಯಾಗ ಅಂತೇನಿ."

ಹೊಸದಾಗಿ ದಾವೆ ಹೂಡಿದ್ದಾಯಿತು. ಸಾಕ್ಷಿಯ ದಿನ ನಾನೂ ಹಿಂದಿನ ಬೆಂಚಿನಲ್ಲಿದ್ದೆ. ಸಣ್ಣ ನಿಂಗಪ್ಪನ ವಕೀಲರು ಬಹಳ ಮರ್ಯಾದೆಯಿಂದಲೇ ದಾರಿ ಬಿಟ್ಟುಕೊಟ್ಟರು: "ಯಜಮಾನ್ರ, ನಿಮಗ ವಯಸ್ಸಾಗೇತಿ. ನೆನಪಿಲ್ಲ ಅಂದ್ಬಿಡ್ರಿ, ಯಾರೂ ಏನೂ ಅನ್ನೂದಿಲ್ಲ. ಇಲ್ಲಾಂದ್ರ ನೀವು ಬರದ ಎಲ್ಲಾ ವಂಶವೃಕ್ಷಕ್ಕೂ ಮಂದಿ ಸಂಶಯ ಪಡ್ತಾರ."

ಮೂವತ್ತು ವರ್ಷದ ಹೆಸರು ಅದು. ಅವರಿಗೆ ಅದರ ಹೊರತು ಬೇರೆ ಆಸ್ತಿ ಇರಲಿಲ್ಲ. ಕಟಕಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಹೇಳಿದರು:

"ಪಡ್ಲಿ ಬಿಡ್ರಿ, ಒಂದ ಸಲ ಎಲ್ಲಾನೂ ತಪಾಸ ಆಗ್ಲಿ. ನೆನಪ ಚಲೋ ಐತ್ರಿ ನಂದು. ಅದಕ್ಕs ಬಂದೇನಿ."

ಆಮೇಲೆ ಜನ ಅವರಿಂದ ಗಿಡ ಬರೆಸಲು ಬರುವುದು ನಿಂತೇ ಹೋಯಿತು. ಎದುರು ಸಿಕ್ಕರೆ ಕೆಲವರು ದಾರಿ ಬದಲಿಸುತ್ತಿದ್ದರು. ಅವರು ಕೊರಗಿದ್ದನ್ನು ನಾನು ಕಾಣಲಿಲ್ಲ. ಊಟ ಮಾತ್ರ ಕಡಿಮೆಯಾಯಿತು. ಆ ಚಳಿಗಾಲ ನಾನು ಊರಿಗೆ ಹೋಗಿದ್ದಾಗ, ಎರಡು ದಿನ ಜ್ವರ ಬಂದು ತೀರಿಕೊಂಡರು. ನಾನು ಬರುವಷ್ಟರಲ್ಲಿ ಮಣ್ಣಾಗಿತ್ತು.

ನಾನು ಬಂದ ಮೂರನೆಯ ದಿನ ಬಾಗಿಲಲ್ಲಿ ಯಾರೋ ಕೂಗಿದರು. ಗುರವ್ವ. ತಲೆಗೆ ಎಣ್ಣೆ ಹಚ್ಚಿ, ತೊಳೆದ ಸೀರೆ ಉಟ್ಟಿದ್ದಳು. ಹಿರಿಯರ ಮುಂದೆ ಸಣ್ಣ ನಿಂಗಪ್ಪ ರಾಜಿಗೆ ಒಪ್ಪಿ ಸಹಿ ಮಾಡಿದನಂತೆ.

"ನಿನ್ನೆ ನಮ್ಮಪ್ಪನ ಮನಿ ಕೀಲಿ ತಗದೇನ್ರಿ. ನನ್ನ ಮನಸ್ಸು ಇನ್ನೂ ಸ್ವಚ್ಛ ಆಗಿಲ್ಲ, ಖರೇ ಹೇಳ್ತೇನಿ. ಆದ್ರೂ ಮೊದಲ ಯಜಮಾನ್ರನ್ನ ಕರದು ಊಟಕ್ಕ ಕುಂದ್ರಸಬೇಕು ಅನಿಸ್ತು. ಎಲ್ಲೆದಾರ್ರೀ?"

ಅವಳು ನನ್ನನ್ನು ದಾಟಿ ಒಳಗೆ ಇಣುಕಿ ನೋಡುತ್ತಿದ್ದಳು. ನಾನು ಬಾಗಿಲಿಗೆ ಅಡ್ಡವಾಗಿಯೇ ನಿಂತಿದ್ದೆ.